ಜಗುಲಿ ಕಂಪ್ಯೂಟರು ಮತ್ತು ಡೋಲ್ಮಾ ಅಕ್ಕನ ಪುಸ್ತಕ

ನಾನು ಬಿಟ್ಟು ಬಂದ ಕುರ್ಚಿಗೆ ಈಗ ಇಬ್ಬರು ಹೆಣ್ಣುಮಕ್ಕಳು ಬಂದಿದ್ದಾರೆ. ಒಬ್ಬಳು ಸವಿತಾ, ಪಿರಿಯಾಪಟ್ಟಣದವಳು. ಇನ್ನೊಬ್ಬಳು ತೆನ್ಜಿನ್, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವಳು. ಒಂದೇ ಕೋಣೆಯಲ್ಲಿ ನನ್ನ ಎದುರಿನ ಮೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ ಡೋಲ್ಮಾ ಅಕ್ಕನ ಮಗಳು. ಹೋದ ತಿಂಗಳು ಇಬ್ಬರೂ ಕಂಪಲಾಪುರದ ನಮ್ಮ ಮನೆಗೆ ಬಂದು, "ಅಂಕಲ್, ಈ ಕೆಲಸದಲ್ಲಿ ಏನೇನು ನೋಡ್ಕೋಬೇಕು ಅಂತ ನಾಲ್ಕು ಸಾಲು ಬರೆದುಕೊಡಿ" ಎಂದು ಕೇಳಿದರು.

ನಾಲ್ಕು ಸಾಲಿನಲ್ಲಿ ಮುಗಿಯುವ ಕೆಲಸವಲ್ಲ ಅದು. ಬರೆಯಲು ಕುಳಿತರೆ ಡೋಲ್ಮಾ ಅಕ್ಕನನ್ನು ಬಿಟ್ಟು ಬರೆಯುವುದಕ್ಕೂ ಆಗುವುದಿಲ್ಲ. ಅಕ್ಕ ತೀರಿಕೊಂಡು ಇನ್ನೂ ಮೂರು ತಿಂಗಳಾಗಿಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಇವತ್ತು ಅಕ್ಕನಿಗೆ ಇದನ್ನು ಹೇಳಬೇಕು ಎಂದು ಏನಾದರೂ ಒಂದು ಮಾತು ನೆನಪಾಗುತ್ತದೆ. ಆಮೇಲೆ ಅಕ್ಕ ಇಲ್ಲ ಎಂಬುದು ನೆನಪಾಗುತ್ತದೆ.

ನಾನು ಹೆಚ್ಚು ಓದಿದವನಲ್ಲ. ಪಿರಿಯಾಪಟ್ಟಣದಲ್ಲಿ ಪಿಯುಸಿ ಮುಗಿಸಿ ಹುಣಸೂರಿಗೆ ಟೈಪಿಂಗ್ ಕಲಿಯಲು ಹೋದೆ. ಅಲ್ಲಿ ಟೈಪ್ ಮಾಡುವುದಕ್ಕಿಂತ ಕೆಟ್ಟ ಮಿಷನ್ ಬಿಚ್ಚಿ ಜೋಡಿಸುವುದೇ ನನಗೆ ಚೆನ್ನಾಗಿ ಹಿಡಿಯಿತು. ಕ್ಯಾಂಪಿನ ಕಚೇರಿಯೊಂದರಲ್ಲಿ ಮೂರು ಟೈಪ್‌ರೈಟರ್ ಕೆಟ್ಟು ನಿಂತಿವೆ ಎಂದು ಕರೆಸಿದರು. ಸರಿಮಾಡಿಕೊಡಲು ಹೋದವನು ಅಲ್ಲೇ ಉಳಿದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ನನ್ನ ತಲೆಗೇ ಕಟ್ಟಿದರು. ಬಡ್ತಿ ಎಂಬುದು ಆ ಕೆಲಸದಲ್ಲಿ ಇರಲಿಲ್ಲ. ಹತ್ತು ವರ್ಷವಾದ ಮೇಲೆ ಮರದ ಕುರ್ಚಿಗೆ ಒಂದು ಮೆತ್ತೆ ಬಂತು, ಅಷ್ಟೆ.

ಸಣ್ಣ ಕಚೇರಿ. ಮುಸುಕಿನ ಜೋಳದ ಬಿತ್ತನೆ ಬೀಜ, ಟ್ರ್ಯಾಕ್ಟರಿನ ಸರದಿ, ಹೊಸದಾಗಿ ಬಂದವರ ಕಾಗದಪತ್ರ, ವಯಸ್ಸಾದವರಿಗೆ ಬರುವ ಪತ್ರ, ಇಷ್ಟೇ ಅಲ್ಲಿನ ಕೆಲಸ. ಇಂಥ ಕಚೇರಿಯ ಮೇಲೆ ಒಂದು ದೇಶ ಕಣ್ಣಿಡುತ್ತದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನೂ ನಂಬಿರಲಿಲ್ಲ. ಯಾವ ದೇಶ ಎಂದು ಇಲ್ಲಿ ಬರೆಯುವುದಿಲ್ಲ. ಭಯದಿಂದ ಅಲ್ಲ, ಇದು ಅವರದೇ ಕೆಲಸ ಎಂದು ನನಗೆ ಯಾರೂ ರುಜು ಹಾಕಿ ಕೊಟ್ಟಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು ಎಂದು ಅಕ್ಕ ಕಲಿಸಿದ್ದಳು. ಕಚೇರಿಯಲ್ಲಿ ನಾವು ‘ಆಚೆಯವರು’ ಅನ್ನುತ್ತಿದ್ದೆವು. ಇಲ್ಲೂ ಹಾಗೇ ಬರೆಯುತ್ತೇನೆ.

ಅಕ್ಕ ಹುಟ್ಟಿದ್ದು ಇಲ್ಲೇ, ಕ್ಯಾಂಪಿಗಾಗಿ ಕಾಡು ಕಡಿಯುತ್ತಿದ್ದ ಕಾಲದಲ್ಲಿ, ಡೇರೆಯೊಳಗೆ. ಅವಳ ಕನ್ನಡ ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತ ಕನ್ನಡ. ಮೊದಲ ದಿನ ನನ್ನನ್ನು ಎಲ್ಲರಿಗೂ "ಶಿವಣ್ಣ-ಲಾ" ಎಂದು ಪರಿಚಯ ಮಾಡಿಕೊಟ್ಟಳು. ನನ್ನ ಮುಖ ಸಪ್ಪಗಾದದ್ದು ನೋಡಿ ಜೋರಾಗಿ ನಕ್ಕಳು.

"ನಮ್ಮಲ್ಲಿ ಅದು ಮರ್ವಾದೆ ಕಣಣ್ಣ. ನಿಮ್ಮೋರು ಮರ್ವಾದೆ ತಗಿಯಕ್ಕೆ ಅಂತೀರಿ, ನಾವು ಕೊಡಕ್ಕೆ ಅಂತೀವಿ. ನೀನು ಯಾವುದಾದ್ರೂ ತಕ್ಕೊ."

ಅಕ್ಕನ ಮೇಜಿನ ಡ್ರಾಯರಿನಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕವಿತ್ತು. ಕ್ಯಾಂಪಿನ ವಯಸ್ಸಾದವರು ಆಚೆ ಬಿಟ್ಟು ಬಂದ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳ ಹೆಸರು ಅದರಲ್ಲಿತ್ತು. ಯಾರು ಯಾವ ಊರಲ್ಲಿದ್ದಾರೆ, ಯಾರ ಕೈಯಲ್ಲಿ ಕೊಟ್ಟರೆ ಪತ್ರ ತಲುಪುತ್ತದೆ ಎಂಬುದೂ ಇತ್ತು. ಎಲ್ಲವೂ ಅಕ್ಕನ ಕೈಬರಹ, ಅವರ ಲಿಪಿಯಲ್ಲಿ. ಆ ಪುಸ್ತಕದ ಒಂದು ಹೆಸರು ಹೊರಗೆ ಹೋದರೆ ಆಚೆ ಒಂದು ಮನೆಯ ಬಾಗಿಲು ಬಡಿಯುತ್ತಾರೆ. ಇಲ್ಲಿರುವವರ ಜೊತೆ ಏನು ಸಂಬಂಧ ಎಂದು ಕೇಳುತ್ತಾರೆ. ಆ ಮನೆಯ ಹುಡುಗನಿಗೆ ಶಾಲೆ ತಪ್ಪುತ್ತದೆ, ಇಲ್ಲವೇ ಮನೆಯ ಯಜಮಾನ ಕೆಲವು ತಿಂಗಳು ಕಾಣುವುದಿಲ್ಲ. ಅದಕ್ಕಾಗಿಯೇ ಅಕ್ಕ ಊಟಕ್ಕೆ ಹೋಗುವಾಗಲೂ ಡ್ರಾಯರಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದಳು.

ಇಂಟರ್‌ನೆಟ್ ಬಂದ ಎರಡನೆಯ ವರ್ಷ ಮೊದಲ ಪತ್ರ ಬಂತು. ಅವರ ಹೊಸವರ್ಷದ ಹಬ್ಬ ಲೋಸರ್, ಅದರ ಹಿಂದಿನ ದಿನ. ಹಬ್ಬದ ಶುಭಾಶಯ, ಜೊತೆಗೆ ತೆರೆದು ನೋಡಬೇಕಾದ ಒಂದು ಚಿತ್ರ. ತೆರೆದೆವು. ಮಿಷನ್ ನಿಧಾನವಾಯಿತು. ನಾನು ಅದನ್ನು ಬಿಚ್ಚಿ ದೂಳು ಒರೆಸಿದೆ! ಆಗಿನ ನನ್ನ ಬುದ್ಧಿ ಅಷ್ಟೇ ಇತ್ತು. ಚಳಿಗಾಲದಲ್ಲಿ ಕ್ಯಾಂಪಿನವರು ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋಗುತ್ತಾರೆ. ಆ ವರ್ಷ ಸರಿಯಾಗಿ ಆ ಹೊತ್ತಿಗೇ, ಹಾಗೆ ಹೋದವರ ಹೆಸರಿನಲ್ಲಿ ಪತ್ರಗಳು ಬರತೊಡಗಿದವು. ಲೋಸರ್ ಯಾವತ್ತು ಎಂದು ಪಕ್ಕದ ಹಳ್ಳಿಯ ನಮಗೇ ಗೊತ್ತಿರುತ್ತಿರಲಿಲ್ಲ. ಬೆಟ್ಟದಾಚೆ ಕುಳಿತವನಿಗೆ ಗೊತ್ತಿತ್ತು.

"ಇಷ್ಟೆಲ್ಲ ಕಾದು ಕುಂತು ಏನು ತಗೋತಾರಕ್ಕ? ನಮ್ಮ ಬೀಜದ ಪಟ್ಟೀನಾ?" ಎಂದು ಒಮ್ಮೆ ಕೇಳಿದೆ.

ಅಕ್ಕ ತನ್ನ ತಾಯಿ ಹೇಳಿದ್ದನ್ನು ಹೇಳಿದಳು. "ನಮ್ಮವ್ವ ಆ ಊರಲ್ಲಿದ್ದಾಗ ಆಫೀಸರುಗಳು ಮನೆಗೆ ಬರೋರಂತೆ. ಮೊದಲ್ನೇ ಸಲ ಎಷ್ಟು ದನ ಅವೆ ಅಂತ ಬರ್ಕಂಡೋದ್ರು. ಎರಡ್ನೇ ಸಲ ಮನೇಗೆ ಯಾರ್ಯಾರು ನೆಂಟರು ಬತ್ತಾರೆ ಅಂತ. ಮೂರ್ನೇ ಸಲ ಯಾರ್ಯಾರು ಪೂಜೆ ಮಾಡ್ತೀರಿ ಅಂತ. ಒಂದೇ ಸಲಕ್ಕೆ ಎಲ್ಲಾನೂ ಕೇಳಕಿಲ್ಲ ಕಣ ಅವರು. ಸ್ವಲ್ಪ ಸ್ವಲ್ಪ ಕೇಳ್ತಾರೆ, ಕೇಳ್ತಾನೇ ಇರ್ತಾರೆ. ಆಗ ಕುದುರೆ ಮೇಲೆ ಬರೋರು. ಈಗ ನಿನ್ನ ವೈರಲ್ಲಿ ಬತ್ತಾವ್ರೆ."

ನನಗೆ ಆ ಕ್ಷಣ ಅರ್ಥವಾಯಿತು. ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಸೊಪ್ಪನ್ನು ಬ್ಯಾರನ್ನಿಗೆ, ಎಂದರೆ ಅದನ್ನು ಕಾಯಿಸಿ ಒಣಗಿಸುವ ಮನೆಗೆ, ಏರಿಸಿದ ಮೊದಲ ದಿನವೇ ಬೆಂಕಿ ಜೋರು ಮಾಡಿದರೆ ಅದು ಹಸಿರಾಗಿಯೇ ಒಣಗಿ ಕೆಡುತ್ತದೆ. ಕಾವನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಆಚೆಯವರು ಹಾಗೆ ಕೆಲಸ ಮಾಡುವವರು. ಕಂಪ್ಯೂಟರ್ ಹೊಸದು, ಕೈ ಹಳೆಯದು. ಮನೆಮನೆಯ ಲೆಕ್ಕ ಬರೆದಿಟ್ಟೇ ರಾಜ್ಯ ಆಳಿದವರು ತಂತಿಯಲ್ಲೂ ಮನೆಮನೆಯ ಲೆಕ್ಕವನ್ನೇ ಹುಡುಕುತ್ತಾರೆ. ಕಂಪ್ಯೂಟರಿನ ಯುದ್ಧ ಎಂದರೆ ದೀಪ ಆರುತ್ತದೆ, ವಿಮಾನ ಬೀಳುತ್ತದೆ ಎಂದು ಟಿವಿಯಲ್ಲಿ ತೋರಿಸುತ್ತಾರೆ. ನಾನು ನೋಡಿದ ಯುದ್ಧದಲ್ಲಿ ಏನೂ ಬೀಳಲಿಲ್ಲ. ಯಾರೋ ಒಬ್ಬ ಪ್ರತಿದಿನ ನಮ್ಮ ಭುಜದ ಹಿಂದೆ ನಿಂತು ಓದುತ್ತಿದ್ದ.

ಸುದ್ದಿ ಹೇಗೋ ಹೊರದೇಶಕ್ಕೂ ತಲುಪಿ, ಅಲ್ಲಿನ ವಿಶ್ವವಿದ್ಯಾಲಯದಿಂದ ಒಬ್ಬಾಕೆ ಬಂದಳು. ಕನ್ನಡಕ, ಚೀಲದ ತುಂಬ ವೈರು. ಎರಡು ವಾರ ನಮ್ಮ ಜೊತೆ ಕುಳಿತು, ಕಳ್ಳಪತ್ರ ಎಂದರೇನು, ಅದು ಎಲ್ಲಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ಒಂದೊಂದಾಗಿ ಕಲಿಸಿದಳು. ನನಗೆ ಗೊತ್ತಿರುವ ಅರ್ಧ ವಿದ್ಯೆ ಅವಳದೇ. ಊರಿಗೆ ಹೋದವಳೇ ಎಲ್ಲವನ್ನೂ ಬರೆದು ಪ್ರಕಟಿಸಿದಳು. ಯಾರು, ಎಲ್ಲಿಂದ, ಹೇಗೆ ಎಲ್ಲವೂ ಪತ್ರಿಕೆಯಲ್ಲಿ ಬಂತು. ಕೆಟ್ಟದ್ದು ಕಂಡರೆ ಬೀದಿಗೆ ತಂದು ಕೂಗಬೇಕು, ಕೂಗಿದರೆ ಕಳ್ಳ ನಾಚುತ್ತಾನೆ ಎನ್ನುವುದು ಅವಳ ದೇಶದ ರೀತಿ. ನಮ್ಮ ಕಾರ್ಯದರ್ಶಿ ಲೋಬ್ಸಾಂಗ್ ಸಾರ್ ಪತ್ರಿಕೆಯನ್ನು ಗೋಡೆಗೆ ಅಂಟಿಸಿದರು. ಒಂದು ವಾರ ಒಂದೂ ಕಳ್ಳಪತ್ರ ಬರಲಿಲ್ಲ.

"ನೋಡಿದ್ಯಾ ಅಕ್ಕ, ಹೆದರಿಬಿಟ್ರು" ಎಂದೆ.

"ಹೆದರಿಲ್ಲ ಕಣ, ದಾರಿ ಬದಲಾಯಿಸ್ತಾವ್ರೆ" ಎಂದಳು ಅಕ್ಕ. ಎಂಟನೆಯ ದಿನದಿಂದ ಪತ್ರಗಳು ಮತ್ತೆ ಶುರುವಾದವು. ಮೊದಲಿನದಕ್ಕಿಂತ ಚೆನ್ನಾದ ಇಂಗ್ಲಿಷಿನಲ್ಲಿ. ಆಕೆ ನಮಗೆ ಕಲಿಸಿದ ಒಂದು ಗುರುತೂ ಅವುಗಳಲ್ಲಿ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಕ್ಕಳೇ, ಇದನ್ನು ಗಮನವಿಟ್ಟು ಓದಿ.

ಒಂದು ಮಳೆಗಾಲ ಕಚೇರಿಯ ಹೆಂಚು ಸೋರಿ ಅಕ್ಕನ ಪುಸ್ತಕದ ಅಂಚು ನೆನೆಯಿತು. ಲೋಬ್ಸಾಂಗ್ ಸಾರ್ ಒಳ್ಳೆಯ ಮನುಷ್ಯ, ಆದರೆ ಹೊಸದನ್ನು ಕಂಡರೆ ಆತುರ. "ಇದನ್ನು ಕಂಪ್ಯೂಟರ್‌ಗೆ ಹಾಕಿ. ಗೆದ್ದಲು ತಿನ್ನಲ್ಲ, ನೀರು ಬೀಳಲ್ಲ" ಎಂದು ಆದೇಶ ಮಾಡಿದರು. ಅಕ್ಕ ಮೂರು ದಿನ ವಾದ ಮಾಡಿ ಸೋತಳು. ನಾಲ್ಕನೆಯ ದಿನ ನನ್ನ ಪಕ್ಕ ಕುಳಿತು, ಪುಸ್ತಕವನ್ನು ಎದೆಗೆ ಒರಗಿಸಿಕೊಂಡು, ಒಂದೊಂದೇ ಹೆಸರು ಓದತೊಡಗಿದಳು. ನಾನು ಟೈಪ್ ಮಾಡುತ್ತಾ ಹೋದೆ.

"ಯಾಕಕ್ಕ ಅಂಗೆ ಮುಚ್ಕಂಡು ಓದ್ತೀಯ? ಕಂಡ್ರೂ ನನಗೆ ನಿಮ್ಮ ಲಿಪಿ ಬರಕಿಲ್ವಲ್ಲ" ಎಂದು ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ. ಒಂದೊಂದು ಹೆಸರು ಹೇಳಿದ ಮೇಲೂ ಕಣ್ಣು ಮುಚ್ಚಿ ಬಾಯೊಳಗೆ ಏನೋ ಅನ್ನುತ್ತಿದ್ದಳು. ಅವರೆಲ್ಲ ಚೆನ್ನಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಹೀಗೆ ಒಂದಿಷ್ಟು ಹಾಳೆ ಆಗುವ ಹೊತ್ತಿಗೆ ಸ್ವೆಟರಿನ ಕಾಲ ಬಂತು. ಉಳಿದದ್ದನ್ನು ಬಂದ ಮೇಲೆ ಮಾಡೋಣ ಎಂದು ಅಕ್ಕ ತನ್ನ ತಂಗಿಯ ಜೊತೆ ಹುಬ್ಬಳ್ಳಿಗೆ ವ್ಯಾಪಾರಕ್ಕೆ ಹೋದಳು.

ಅವಳು ಹೋದ ಎರಡನೆಯ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಮಠದ ದೊಡ್ಡ ಗುರುಗಳ ಹೆಸರಿನಲ್ಲಿ ಒಂದು ಪತ್ರ ಬಂತು. ಗುರುಗಳಿಗೆ ಆರೋಗ್ಯ ಸರಿಯಿಲ್ಲ, ಮನೆಮನೆಯಲ್ಲೂ ಪ್ರಾರ್ಥನೆ ಮಾಡಬೇಕು, ಯಾವ ಪ್ರಾರ್ಥನೆ ಎಂಬುದು ಜೊತೆಯ ಕಾಗದದಲ್ಲಿದೆ. ಹೊರಗಿನ ಬೆಂಚಿನ ಮೇಲೆ ನಾಲ್ಕು ಜನ ಅಜ್ಜಿಯರು ಜಪಮಾಲೆ ಹಿಡಿದು ಕುಳಿತಿದ್ದರು. ಗುರುಗಳ ಕಾಗದ ಬಂದಿದೆ ಎಂದು ನಾನೇ ಬಾಯಿ ಬಿಟ್ಟೆ. ಗುರುಗಳ ಕಾಗದವನ್ನು ಅವರಲ್ಲಿ ಕಾಯಿಸುವುದಿಲ್ಲ. ಕೈಗೆ ಬಂದ ಕೂಡಲೇ ತಲೆಗೆ ಮುಟ್ಟಿಸಿಕೊಂಡು ತೆರೆಯಬೇಕು. ಅಜ್ಜಿಯರು ಎದ್ದು ನಿಂತರು, ಕೈ ಮುಗಿದುಕೊಂಡೇ.

ಅನುಮಾನದ ಪತ್ರ ಬಂದರೆ ಮೊದಲು ಫೋನ್ ಮಾಡಿ ಕೇಳಬೇಕು ಎಂದು ನಿಯಮವಿತ್ತು. ನಾನೇ ಬರೆದು ಗೋಡೆಗೆ ಹಚ್ಚಿದ್ದ ನಿಯಮ. ಮಠಕ್ಕೆ ಫೋನ್ ಮಾಡಿದೆ. ಪೂಜೆಯ ಹೊತ್ತು, ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಅಜ್ಜಿಯರು ನಿಂತೇ ಇದ್ದರು. ಒಬ್ಬರ ಕಾಲು ನಡುಗುತ್ತಿತ್ತು. ನಾನು ತೆರೆದೆ. ಪ್ರಿಂಟ್ ತೆಗೆದುಕೊಟ್ಟೆ. ಒಬ್ಬೊಬ್ಬರಾಗಿ ತಲೆಗೆ ಮುಟ್ಟಿಸಿಕೊಂಡರು. ನನಗೆ ಬೆಣ್ಣೆ ಚಹಾ ತಂದುಕೊಟ್ಟರು.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ನೋಡುತ್ತೇನೆ, ಮೋಡೆಮಿನ ದೀಪ ಮಿನುಗುತ್ತಿದೆ. ಕಂಪ್ಯೂಟರಿನಲ್ಲಿ ನಾನು ಎಲ್ಲವನ್ನೂ ಮುಚ್ಚಿದ್ದೆ. ಕೆಲಸವಿಲ್ಲದ ಮಿಷನ್ ಯಾರಿಗೋ ಏನನ್ನೋ ಕಳಿಸುತ್ತಿತ್ತು. ಅಷ್ಟರಲ್ಲಿ ಮಠದಿಂದ ಫೋನ್ ಬಂತು. ಗುರುಗಳು ಆರೋಗ್ಯವಾಗಿದ್ದಾರೆ, ನಾವು ಯಾವ ಪತ್ರವನ್ನೂ ಬರೆದಿಲ್ಲ ಎಂದರು. ಅಕ್ಕ ಓದಿದ ಹೆಸರುಗಳು ಅದೇ ಮಿಷನ್ನಿನಲ್ಲಿದ್ದವು.

ಆವತ್ತಿನಿಂದ ನನಗೆ ಒಂದು ವಿಷಯ ಗೊತ್ತಿದೆ. ಆಚೆಯವರು ನನ್ನನ್ನು ಓದಿರಲಿಲ್ಲ. ಬೆಂಚಿನ ಮೇಲೆ ಕುಳಿತ ಅಜ್ಜಿಯರನ್ನು ಓದಿದ್ದರು.

ಹುಬ್ಬಳ್ಳಿಗೆ ಫೋನ್ ಮಾಡಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. "ಮೊದ್ಲು ಆ ಲೈನ್ ಕಿತ್ತಾಕು. ಲೋಬ್ಸಾಂಗ್ ಸಾರ್‌ಗೆ ನೀನೇ ಓಗಿ ಯೋಳು, ಬ್ಯಾರೆಯೋರ ಬಾಯಿಂದ ಗೊತ್ತಾಗೋದು ಬ್ಯಾಡ. ನಾನು ಬತ್ತೀನಿ" ಎಂದಳು. ಅಂಗಡಿಯನ್ನು ತಂಗಿಗೆ ಒಪ್ಪಿಸಿ ಮರುದಿನದ ಬಸ್ಸಿಗೆ ಬಂದಿಳಿದಳು.

ಲೋಬ್ಸಾಂಗ್ ಸಾರ್ ಬೈಯಲಿಲ್ಲ. ನನ್ನ ಕೈಯಿಂದ ಕಚೇರಿಯ ಬೀಗದ ಕೈಗೊಂಚಲು ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಅದನ್ನು ಅವರ ಕೈಯಿಂದ ತೆಗೆದು ಮತ್ತೆ ನನ್ನ ಮೇಜಿನ ಮೇಲಿಟ್ಟಳು.

"ಕೀ ಅವನ ತಾವೇ ಇರ್ಲಿ ಸಾರ್. ಇನ್ನು ಇವನಷ್ಟು ಭಯ ಬಿದ್ದು ನೋಡ್ಕಳ್ಳೋರು ನಮ್ಗೆ ಎಲ್ಲೂ ಸಿಕ್ಕಕಿಲ್ಲ."

ಸರ್ಕಾರಕ್ಕೆ ತಿಳಿಸಿದೆವು. ಮೂರನೆಯ ದಿನ ಬಿಳಿ ಅಂಗಿ ಹಾಕಿದ ಒಬ್ಬ ಅಧಿಕಾರಿ ಬಂದರು. ಮೈಸೂರು ಕಡೆಯವರೇ, ಮೆತ್ತಗಿನ ಮಾತು. ಹೆಸರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲು ಅಕ್ಕನನ್ನು ಕರೆದು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು. ಹೊರಗೆ ನಿಂತ ನಾನು, ನನ್ನನ್ನು ಯಾವ ಠಾಣೆಗೆ ಕರೆದೊಯ್ಯುತ್ತಾರೋ ಎಂದು ಯೋಚಿಸುತ್ತಿದ್ದೆ. ಬಾಗಿಲು ತೆಗೆದವರು ನನಗೆ ಹೇಳಿದ್ದು ಒಂದೇ ಮಾತು. "ಆ ಲೈನ್ ಮತ್ತೆ ಸಿಕ್ಕಿಸಿ, ಶಿವಣ್ಣ."

ಹೆಸರಿನ ಪಟ್ಟಿಯನ್ನು ಅಳಿಸಿದ್ದೆ, ಆದರೆ ಕಳ್ಳ ಒಳಗೇ ಇದ್ದ. ಹತ್ತು ದಿನ ಏನೂ ಗೊತ್ತಿಲ್ಲದವರ ಹಾಗೆ ದಿನನಿತ್ಯದ ಕೆಲಸ ಮಾಡಬೇಕು, ಅವರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾರೆ ಎಂದು ನೋಡುತ್ತೇವೆ, ಯಾರಿಗೂ ಹೇಳಬೇಡಿ ಎಂದರು. ನನ್ನ ಜೀವನದ ಅತಿ ಕಷ್ಟದ ಹತ್ತು ದಿನ ಅವು. ಒಂದೊಂದು ಅಕ್ಷರ ಒತ್ತುವಾಗಲೂ ಯಾರೋ ನೋಡುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡುತ್ತಿದ್ದೆ. ಅಕ್ಕ ಮಾತ್ರ ಎದುರಿನ ಮೇಜಿನಿಂದ ನಗಿಸುತ್ತಿದ್ದಳು.

"ಬರಿ ಶಿವಣ್ಣ, ನಾಕ್ನೇ ಕ್ಯಾಂಪಿನ ಟ್ರ್ಯಾಕ್ಟರ್ ಕೆಟ್ಟು ನಿಂತದೆ ಅಂತ ಬರಿ. ಓದಿ ಓದಿ ಸಾಕಾಗಿ ಅವನೇ ಬಂದು ರಿಪೇರಿ ಮಾಡ್ಕೊಟ್ರೂ ಕೊಟ್ಟ."

"ಸುಮ್ಕಿರಕ್ಕ, ಕೇಳಿಸ್ಕಂಡ್ರೆ!"

"ಅವನಿಗೆ ಕಣ್ಣದೆ, ಕಿವಿ ಎಲ್ಲಿದ್ದದು ಬುಡು."

ಹತ್ತು ದಿನ ಕಳೆದ ಮೇಲೆ ಅಧಿಕಾರಿಗಳು ನನ್ನನ್ನು ಬಿಳಿಕೆರೆಗೆ ಬರಹೇಳಿದರು. ಕ್ಯಾಂಪಿಗೆ ಎರಡು ಸಲ ಬಂದರೆ ನಾಲ್ಕು ಜನ ಗುರುತು ಹಿಡಿಯುತ್ತಾರೆ ಎಂದು. ಹೆದ್ದಾರಿಯ ಪಕ್ಕದ ಟೀ ಅಂಗಡಿಯಲ್ಲಿ, ಮೈಸೂರು ಬಸ್ಸುಗಳ ಹಾರ್ನಿನ ನಡುವೆ, ಬಜ್ಜಿ ತಿನ್ನುತ್ತಾ ಕುಳಿತೆವು. ನನಗೆ ಹೊಟ್ಟೆಯೊಳಗೆ ಸಿಟ್ಟಿತ್ತು.

"ಸಾರ್, ನಮ್ಮೋರು ತಿರುಗಿಸಿ ಒಂದೇಟು ಹಾಕಕಿಲ್ವಾ?"

"ಹಾಕಿದ್ವಿ ಅಂತಿಟ್ಕೊಳ್ಳಿ. ಅವರಿಗೆ ಏನು ಗೊತ್ತಾಗುತ್ತೆ? ನಾವು ನೋಡಿದ್ದೀವಿ ಅಂತ ಗೊತ್ತಾಗುತ್ತೆ. ಎಷ್ಟು ನೋಡಿದ್ದೀವಿ ಅಂತಾನೂ ಗೊತ್ತಾಗುತ್ತೆ."

"ಅಂಗಂತ ಸುಮ್ಕೆ ಕುಂತ್ಕಳದಾ?"

"ಸುಮ್ಮನೆ ಕೂತಿಲ್ಲ ಶಿವಣ್ಣ, ನೋಡ್ತಾ ಕೂತಿದ್ದೀವಿ. ನಮ್ಮ ದೇಶದ ಸ್ವಭಾವವೇ ಅದು. ಏಟು ತಿಂದರೂ ತಿಂದೆವು ಅಂತ ಹೇಳಲ್ಲ. ಕೊಟ್ಟರೂ ಹೇಳಲ್ಲ." ಬಜ್ಜಿಯನ್ನು ಚಟ್ನಿಗೆ ಅದ್ದಿ ಸ್ವಲ್ಪ ನಕ್ಕರು. "ಒಮ್ಮೊಮ್ಮೆ ನೋಡ್ತಾ ನೋಡ್ತಾ ನಿದ್ದೆ ಹೋಗಿಬಿಡ್ತೀವಿ. ಅದೂ ನಮ್ಮ ಸ್ವಭಾವವೇ."

ಏಳುವಾಗ, "ನಿಮ್ಮದು ದೊಡ್ಡ ತಪ್ಪು. ಆದರೆ ಅದೇ ದಿನ ನೀವೇ ಬಾಯಿಬಿಟ್ಟು ಹೇಳಿದ್ರಿ. ನನ್ನ ಕೆಲಸದಲ್ಲಿ ಅಂಥವರು ಸಿಗೋದು ಕಡಿಮೆ" ಎಂದರು. ಹೆಸರುಗಳು ಹೋದವೋ ಇಲ್ಲವೋ ಎಂದು ಕೇಳಿದೆ. ಅವರು ಅಂಗಡಿಯವನಿಗೆ ಬಜ್ಜಿಯ ದುಡ್ಡು ಎಣಿಸಿಕೊಟ್ಟರು. ಹುಣಸೂರು ಬಸ್ಸು ಬಂತು, ಹತ್ತಿದೆ.

ಆ ಬಸ್ಸಿನಲ್ಲೇ ನನಗೆ ಜಗುಲಿ ಹೊಳೆದದ್ದು. ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದವರು ಬಂದರೆ ಜಗುಲಿಯ ಮೇಲೆ ಕೂರಿಸಿ ನೀರು ಕೊಡುತ್ತೇವೆ. ಮಾತಾಡಿಸಿ, ಯಾವೂರು, ಯಾರ ಕಡೆಯವರು ಎಂದು ತಿಳಿದ ಮೇಲೆ ಒಳಗೆ ಕರೆಯುವುದು. ಅದರಲ್ಲಿ ಅವಮಾನವಿಲ್ಲ. ಕಂಪ್ಯೂಟರಿಗೂ ಒಂದು ಜಗುಲಿ ಇರಲಿ ಎಂದುಕೊಂಡೆ. ಹಳೆಯ ಮಿಷನ್ನೊಂದನ್ನು ತೊಳೆದ ಹಾಗೆ ಖಾಲಿ ಮಾಡಿ ಕಚೇರಿಯ ಹೊರ ಪಡಸಾಲೆಯಲ್ಲಿ ಇಟ್ಟೆ. ಅದಕ್ಕೂ ಒಳಗಿನ ಮಿಷನ್ನುಗಳಿಗೂ ಒಂದು ತಂತಿಯ ಸಂಬಂಧವೂ ಇಲ್ಲ. ಹೊರಗಿನಿಂದ ಬರುವ ಯಾವ ಕಾಗದವಾದರೂ ಅದರಲ್ಲೇ ತೆರೆಯಬೇಕು. ಬೇಕಾದದ್ದನ್ನು ಪ್ರಿಂಟ್ ತೆಗೆದು, ಒಳಗೆ ಹೊಸದಾಗಿ ಟೈಪ್ ಮಾಡಬೇಕು. ಸಂಜೆ ಅದನ್ನು ಮತ್ತೆ ಖಾಲಿ ಮಾಡಬೇಕು. ಕಾಗದ ತೆರೆಯುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ, ಅವರಿಗೆ ಮಾತ್ರ ಗೊತ್ತಿರುವ ಏನಾದರೊಂದು ಕೇಳಬೇಕು. ಹೋದ ಲೋಸರಿಗೆ ನಮ್ಮ ಮನೆಯಲ್ಲಿ ಏನು ತಿಂದಿರಿ ಎಂಬುದು ಅಕ್ಕನ ಪ್ರಶ್ನೆ.

ಅಜ್ಜಿಯರು ಒಪ್ಪಲಿಲ್ಲ. ಗುರುಗಳ ಕಾಗದವನ್ನು ಹೊರಗೆ ನಿಲ್ಲಿಸುವುದೇ? ಅದನ್ನು ಬಗೆಹರಿಸಿದ್ದು ಅಕ್ಕ. ಗೌರವಕ್ಕೆ ಕೊರಳಿಗೆ ಹಾಕುವ ಅವರ ಬಿಳಿ ವಸ್ತ್ರವನ್ನು ತಂದು ಜಗುಲಿ ಕಂಪ್ಯೂಟರಿನ ಮೇಲೆ ಹೊದಿಸಿದಳು. "ಈಗ ಇದು ಪೀಠ. ಗುರುಗಳ ಕಾಗದ ಮೊದ್ಲು ಪೀಠಕ್ಕೆ ಬರಬೇಕು" ಎಂದಳು. ಅಜ್ಜಿಯರು ಬಂದು ಕೈ ಮುಗಿದರು. ನಾನು ಬರೆದ ನಿಯಮವನ್ನು ನಾನೇ ಒಂದು ದಿನ ಮುರಿದೆ. ಅಕ್ಕ ಹೊದಿಸಿದ ಬಟ್ಟೆಯನ್ನು ಇವತ್ತಿನವರೆಗೆ ಯಾರೂ ಮೀರಿಲ್ಲ.

ಆ ಜಗುಲಿಯ ಮೇಲೆ ನಾನು ನಿವೃತ್ತನಾಗುವವರೆಗೆ ಹಿಡಿದ ಕಳ್ಳಪತ್ರಗಳಿಗೆ ಲೆಕ್ಕವಿಲ್ಲ. ಒಂದೂ ಹೊಸ್ತಿಲು ದಾಟಲಿಲ್ಲ. ಪಕ್ಕದ ಕ್ಯಾಂಪಿನವರು ನೋಡಿ ಹೋಗಿ ಹಾಗೇ ಮಾಡಿಕೊಂಡರು. ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯವರು, ಎಚ್.ಡಿ. ಕೋಟೆಯ ಒಂದು ಶಾಲೆಯವರು ಬಂದು ಕೇಳಿ ತಿಳಿದುಕೊಂಡರು. ಪಿಯುಸಿ ಓದಿದ ನಾನು ಮಾಡಿದ ಕೆಲಸ ಅದು. ಹೆಮ್ಮೆ ಇದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಆದರೆ ಆ ಹೆಮ್ಮೆಯೊಳಗೆ ಒಂದು ಮುಳ್ಳಿತ್ತು. ಆ ಹೆಸರುಗಳು ಏನಾದವು? ಪೆಮಾ ಎಂಬ ಅಜ್ಜಿ ಒಂದು ದಿನ ಬಂದು, ಆಚೆ ಇರುವ ತಮ್ಮ ತಾಶಿಯ ಫೋನ್ ಸಿಗುತ್ತಿಲ್ಲ ಎಂದರು. ನಾನು ಟೈಪ್ ಮಾಡಿದ ಹೆಸರುಗಳಲ್ಲಿ ತಾಶಿಗಳು ಬೇಕಾದಷ್ಟಿದ್ದರು. ಇವರ ತಮ್ಮ ಅದರಲ್ಲಿದ್ದನೋ ಇಲ್ಲವೋ ಎಂದು ಎಷ್ಟು ನೆನಪು ಮಾಡಿಕೊಂಡರೂ ತಿಳಿಯಲಿಲ್ಲ. ಎಂಟು ತಿಂಗಳು ಅಜ್ಜಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಒಂಬತ್ತನೆಯ ತಿಂಗಳು ಫೋನ್ ಬಂತು, ತಮ್ಮ ನಂಬರ್ ಬದಲಾಯಿಸಿದ್ದನಂತೆ. ಆವತ್ತು ಕಚೇರಿಯ ಹಿಂದೆ ಹೋಗಿ ಜೋಳದ ಹೊಲದ ಬದುವಿನ ಮೇಲೆ ಕುಳಿತು ಅತ್ತೆ. ಹೀಗೆ ಹನ್ನೆರಡು ವರ್ಷ ಕಳೆಯಿತು.

ಈ ವರ್ಷದ ಆರಂಭದಲ್ಲಿ ಅಕ್ಕ ಹಾಸಿಗೆ ಹಿಡಿದಳು. ಲೋಸರ್ ಮುಗಿದು ಸ್ವಲ್ಪ ದಿನಕ್ಕೆ ನನ್ನನ್ನು ಕರೆಸಿದಳು. ಮನೆಯ ಮುಂದೆ ಬಿಸಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕಂಬಳಿ ಹೊದ್ದು ಕುಳಿತಿದ್ದಳು. ತೆನ್ಜಿನ್ ಪಕ್ಕದಲ್ಲಿದ್ದಳು.

"ಶಿವಣ್ಣ, ಆವತ್ತು ಹೆಸರು ಓದ್ವಾಗ ನಾನು ಕಣ್ಣು ಮುಚ್ತಿದ್ದೆ, ಗ್ಯಾಪ್ಕ ಇದ್ದದಾ?"

"ಅವರು ಚೆನ್ನಾಗಿರ್ಲಿ ಅಂತ ಬೇಡ್ಕತಿದ್ದೆ ಅಲ್ವಾ?"

"ಚೆನ್ನಾಗಿರಕ್ಕೆ ಅವರು ಬದುಕಿದ್ರೆ ತಾನೆ? ಎಲ್ಲಾ ಸತ್ತೋರು ಕಣ. ಆಚೆಯಿಂದ ಸಾವಿನ ಸುದ್ದಿ ಬಂದಾಗ ಹೆಸರು ತಗದು ಪುಸ್ತಕದ ಹಿಂದ್ಗಡೆ ಹಾಳೇಲಿ ಬರ್ಕತಿದ್ದೆ. ನಿನಗೆ ಓದಿದ್ದು ಆ ಹಾಳೆ. ಹಿಂದೆ ಮುಂದೆ ಯಾರೂ ಇಲ್ದೋರನ್ನೇ ಆರಿಸಿ ಓದ್ದೆ. ಲೋಬ್ಸಾಂಗ್ ಸಾರ್ ಮಾತು ಮೀರಕ್ಕೆ ಆಗ್ಲಿಲ್ಲ, ಬದುಕಿರೋರ ಹೆಸರು ಯೋಳಕ್ಕೂ ಮನಸು ಬರ್ಲಿಲ್ಲ. ಬಿಳಿ ಅಂಗಿಯೋರಿಗೆ ಮಾತ್ರ ಯೋಳ್ದೆ. ಕದ್ದೋರು ನಿಜ ಅಂತಲೇ ತಿಳ್ಕಂಡಿರ್ಲಿ ಅಂದ್ರು."

ನನ್ನ ಬಾಯಿಂದ ಬಂದ ಮಾತು ಸಿಟ್ಟಿನದು.

"ಹನ್ನೆರಡು ವರ್ಷ ಕಣಕ್ಕ! ನನಗೊಂದು ಮಾತು ಯೋಳಿದ್ರೆ ನಿನ್ನ ಗಂಟೇನು ಓಗ್ತಿತ್ತು?"

"ನೀನು ಬಾಯಲ್ಲಿ ಗುಟ್ಟು ಇಟ್ಕತೀಯ, ಮುಖದಲ್ಲಿ ಇಟ್ಕಳಕ್ಕೆ ಬರಕಿಲ್ಲ. ಆ ಹತ್ತು ದಿನ ನಿನ್ನ ಮುಖ ನೋಡ್ದೋರೆಲ್ಲ ಪಟ್ಟಿ ಓಯ್ತು ಅಂತಲೇ ನಂಬಿದ್ರು." ಕಂಬಳಿಯೊಳಗಿನಿಂದ ಕೈ ತೆಗೆದು ನನ್ನ ಕೈ ಹಿಡಿದಳು. "ಆಮೇಲೆ ಯೋಳಬೌದಿತ್ತು. ನಿನ್ನ ಭಯ ನಮ್ಮ ಬಾಗಿಲಿಗೆ ಬೀಗ ಆಗಿತ್ತು ಕಣ. ಅದನ್ನ ತಗಿಯಕ್ಕೆ ನನಗೆ ಧೈರ್ಯ ಸಾಲ್ಲಿಲ್ಲ. ಅದು ನಂದು ತಪ್ಪು. ಬೇಜಾರು ಮಾಡ್ಕಬ್ಯಾಡ."

ಬೇಜಾರಾಗಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಇಂಥವಳ ಎದುರಿನ ಮೇಜಿನಲ್ಲಿ ಕುಳಿತಿದ್ದೆನಲ್ಲ ಎಂದು ಎದೆ ತುಂಬಿತ್ತು. ಬೇರೆ ದೇಶಗಳು ಏನೇನೋ ಯಂತ್ರ ಇಟ್ಟುಕೊಂಡು ಮಾಡುವುದನ್ನು ಅವಳು ಒಂದು ಪುಸ್ತಕವನ್ನು ಹಿಂದಿನಿಂದ ಓದಿ ಮಾಡಿದ್ದಳು.

ಪುಸ್ತಕದಲ್ಲಿದ್ದವರು ಬಹುಪಾಲು ಹೋಗಿದ್ದಾರೆ, ನಾನು ಹೋದ ನಲವತ್ತೊಂಬತ್ತನೆಯ ದಿನ ಅದನ್ನು ಸುಟ್ಟುಬಿಡಿ, ಆಮೇಲೆ ಹುಡುಗಿಯರಿಗೆ ಎಲ್ಲವನ್ನೂ ಹೇಳು ಎಂದಳು. ಉಳಿದವರಿಗೆ ಈಗ ಬೇರೆ ದಾರಿ ಇದೆ. ಅದನ್ನು ನಾನು ಬರೆಯುವುದಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಇನ್ನೊಂದು ಯೋಚನೆ ಬಂತು. ಸಾಯುವ ಮುಂಚೆ ನನ್ನ ಮನಸ್ಸು ಹಗುರ ಮಾಡಲು ಅಕ್ಕ ಹೀಗೆ ಹೇಳಿರಬಹುದಲ್ಲವೇ? ನನಗಾಗಿ ಅಷ್ಟು ಮಾಡುವವಳೇ ಅವಳು.

ಅಕ್ಕ ಹೋದ ನಲವತ್ತೊಂಬತ್ತನೆಯ ದಿನ, ಅವರಲ್ಲಿ ಸತ್ತವರ ಕೊನೆಯ ಪೂಜೆಯ ದಿನ, ಮನೆಯ ತುಂಬ ಬೆಣ್ಣೆ ದೀಪ ಹಚ್ಚಿದ್ದರು. ಪ್ರಾರ್ಥನೆ ಮುಗಿದ ಮೇಲೆ ತೆನ್ಜಿನ್ ಹಿತ್ತಲಿನ ಧೂಪದ ಗೂಡಿನ ಹತ್ತಿರ ಪುಸ್ತಕ ತಂದು ಹಳದಿ ಬಟ್ಟೆ ಬಿಚ್ಚಿದಳು.

"ಅಂಕಲ್, ಸುಡೋಕೆ ಮುಂಚೆ ಹಿಂದಿನ ಹಾಳೆ ಓದಿ ಹೇಳ್ಲಾ? ನೀವು ಟೈಪ್ ಮಾಡಿದ ಹೆಸರು ಒಂದೆರಡಾದ್ರೂ ನೆನಪಿರುತ್ತಲ್ಲ. ನಿಜ ಏನು ಅಂತ ಗೊತ್ತಾಗಿಬಿಡುತ್ತೆ."

ನೆನಪಿತ್ತು. ಮೊದಲ ಮೂರು ಹೆಸರುಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಅವಳು ಹಾಳೆ ತಿರುಗಿಸಿ ಬೆರಳಿಟ್ಟು ಕಾಯುತ್ತಿದ್ದಳು.

"ಬ್ಯಾಡ ಕಣವ್ವ. ಕಟ್ಟು" ಎಂದೆ.

ಬಟ್ಟೆ ಸುತ್ತಿ ಗೂಡಿಗೆ ಇಟ್ಟಳು. ದಪ್ಪ ಕಾಗದ, ಉರಿಯಲು ಬಹಳ ಹೊತ್ತು ಹಿಡಿಯಿತು. ಕೇಳಬಾರದ್ದನ್ನು ಕೇಳದೆ ಇರುವುದು ಈ ಕೆಲಸದ ಅರ್ಧ. ಅದನ್ನು ಅಕ್ಕನ ಮನೆಯಲ್ಲೇ ಮುರಿಯಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸಿ ನಿನ್ನೆ ಬೆಳಿಗ್ಗೆ ಕಚೇರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ತೆನ್ಜಿನ್.

"ನಿಮ್ಮ ಹೆಸರಲ್ಲಿ ಒಂದು ಪತ್ರ ಬಂದಿದೆ. ಜೊತೆಗೊಂದು ಕಾಗದ ಇದೆ. ನೀವೇ ಕಳಿಸಿದ್ದಾ?"

"ನಾನೇ ಕಣವ್ವ."

"ಹೋದ ಲೋಸರಿಗೆ ನಮ್ಮ ಮನೇಲಿ ಏನು ತಿಂದ್ರಿ?"

ಧ್ವನಿಯಲ್ಲಿ ಸಲಿಗೆ ಇರಲಿಲ್ಲ. ತಾಯಿಯದೇ ಧ್ವನಿ.

"ಏನೂ ತಿನ್ಲಿಲ್ಲ ಕಣವ್ವ. ಅಕ್ಕನಿಗೆ ಹುಷಾರಿರ್ಲಿಲ್ಲ, ಒಲೆ ಹಚ್ಚಿರ್ಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಬೆಣ್ಣೆ ಚಹಾ ಕುಡಿದು ಬಂದೆ."

ಆ ಕಡೆ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು.

"ಸರಿ ಅಂಕಲ್," ಎಂದಳು ತೆನ್ಜಿನ್. "ಜಗುಲೀಲಿ ತೆಗೀತೀನಿ."